ರೇಡಿಯೊ ಕೇಳುಗರ ಸಭೆಗೆ ಬಂದವರು

"ಇದು ಹೆಂಗಸ್ರಿಗೂ ಐತೇನ್ರಿ?" ಬ್ಯಾಡಗಿಯ ಸಭಾಭವನದ ಬಾಗಿಲಲ್ಲಿ ನಿಂತು ಕಾಗಿನೆಲೆಯ ಅಜ್ಜಿಯೊಬ್ಬರು ಕೇಳಿದರು. ನಮ್ಮದು ರೇಡಿಯೊ ಅಭಿಮಾನಿಗಳ ಸಮ್ಮೇಳನ. ಒಂದು ವರ್ಷ ಹಾವೇರಿ, ಇನ್ನೊಂದು ವರ್ಷ ರಾಣೆಬೆನ್ನೂರು, ಹೀಗೆ ಊರೂರು ತಿರುಗುತ್ತದೆ. ಮೊದಲೆಲ್ಲ ನಿಲ್ಲಲೂ ಜಾಗ ಇರುತ್ತಿರಲಿಲ್ಲ, ಬರುವವರೆಲ್ಲ ಗಂಡಸರೇ. ಈ ಸಲ ಅರ್ಧ ಕುರ್ಚಿ ಖಾಲಿ. ಇದೇ ಕೊನೆಯದೆಂದು ಹೇಳಿಬಿಡಲು ನಾನು ತೀರ್ಮಾನಿಸಿದ್ದೆ.

ಅಜ್ಜಿಯನ್ನು ಮುಂದೆ ಕೂರಿಸಿ ಮೈಕು ಕೊಟ್ಟೆವು. "ನಮ್ಮನಿಯವ್ರು ಇದ್ದಾಗ ಪ್ರತಿ ವರ್ಷ ಈ ಸಭೆಗೆ ಅವ್ರ ಬರ್ತಿದ್ರು. ಖರೇ ಅಂದ್ರ ದಿನಾ ರೇಡಿಯೊ ಕೇಳಾಕಿ ನಾನರಿ" ಎಂದು ನಕ್ಕು, ಹಳೆಯ ಹಾಡೊಂದನ್ನು ಪೂರ್ತಿ ಹಾಡಿದರು.

ಜನ ಕಡಿಮೆಯಾದರೆಂದು ಕೊರಗುತ್ತಿದ್ದ ನನಗೆ, ನಾವು ಕರೆಯದೇ ಉಳಿದವರು ಎಷ್ಟೊಂದು ಮಂದಿ ಎಂದು ಅವತ್ತು ತಿಳಿಯಿತು. ಮುಂದಿನ ಸಮ್ಮೇಳನ ಕಾಗಿನೆಲೆಯಲ್ಲಿ.