ನಿಂಬೆಹಣ್ಣಿನ ಈಚೆ ನಿಂತ ವಿಮಾನ

ನಾನು ವಿಮಾನ ಕಟ್ಟಿದವನು ಎಂದರೆ ಜನ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆ ನೋಡುತ್ತಾರೆ. ರೆಕ್ಕೆ ಎಷ್ಟುದ್ದ, ಇಂಜಿನ್ ಯಾವುದು ಎಂದೆಲ್ಲ ವಿಚಾರಿಸುತ್ತಾರೆ. ಬ್ರೇಕಿಗೆ ಯಾವ ಪೈಪು ಹಾಕಿದಿರಿ ಎಂದು ಈತನಕ ಒಬ್ಬರೂ ಕೇಳಿಲ್ಲ. ನನ್ನ ಹೆಮ್ಮೆಯೆಲ್ಲ ಇರುವುದು ಅಲ್ಲೇ ಆದ್ದರಿಂದ ಕೇಳದಿದ್ದರೂ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಮೂಡಿಗೆರೆ ಹತ್ತಿರದ ನಮ್ಮ ತೋಟದ ಗೋಡೌನಿನಲ್ಲಿ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳ ಪಕ್ಕ, ಆರು ವರ್ಷ ಕೂತು ಎರಡು ಸೀಟಿನ ಪುಟ್ಟ ವಿಮಾನ ಕಟ್ಟಿದೆ. ರೆಕ್ಕೆಯ ಬಟ್ಟೆಗೆ ಮದುವೆ ಸೀರೆ ಆರಿಸುವಷ್ಟು ದಿನ ತೆಗೆದುಕೊಂಡವನು ಪೆಡಲಿನಿಂದ ಚಕ್ರಕ್ಕೆ ಆಯಿಲ್ ಒಯ್ಯುವ ಬ್ರೇಕ್ ಪೈಪಿಗೆ ಐದು ನಿಮಿಷವನ್ನೂ ಕೊಡಲಿಲ್ಲ. ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇ ಪಂಪಿನ ಹಳೇ ಪೈಪಿನಲ್ಲಿ ಎರಡು ತುಂಡು ಕತ್ತರಿಸಿ ಹಾಕಿಬಿಟ್ಟೆ. ಪ್ಲಾಂಟರುಗಳ ಜಾತಕದಲ್ಲೇ ಇರುವ ದೋಷ ಇದು. ಗೇಟಿನ ಕೀಲಿನಿಂದ ಹಿಡಿದು ಜೀಪಿನ ಟ್ಯಾಂಕಿಂದ ಡೀಸೆಲ್ ಎಳೆಯುವವರೆಗೆ ಸ್ಪ್ರೇ ಪೈಪು ನಮ್ಮಲ್ಲಿ ಮಾಡದ ಕೆಲಸವಿಲ್ಲ. ಗುಡ್ಡದ ನೆತ್ತಿಗೆ ಔಷಧಿ ಏರಿಸುವ ಪೈಪು ಅಂಗೈಯಗಲದ ಬ್ರೇಕಿಗೆ ಸಾಲದೇ ಎಂಬುದು ನನ್ನ ಇಂಜಿನಿಯರಿಂಗು.

ಮೊದಲ ಓಟ ಕಾಫಿ ಒಣಗಿಸುವ ಕಣದಲ್ಲಿ. ಕೊಯ್ಲು ಮುಗಿಯುವತನಕ ಕಾಯುವ ತಾಳ್ಮೆ ಇಲ್ಲದೆ, ಆ ತುದಿಯಲ್ಲಿ ಹಣ್ಣಿನ ರಾಶಿ ಇರುವಾಗಲೇ ಹೊರಟೆ. ಅರ್ಧ ದಾರಿಯಲ್ಲಿ ಇಂಜಿನ್ ಆರಿಸಿ ಬ್ರೇಕ್ ಒತ್ತಿದೆ. ಪೆಡಲ್ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ವಿಮಾನ ರಾಶಿಗೆ ಮೂತಿ ತೂರಿಸಿಯೇ ನಿಂತಿತು.

ನನ್ನ ಹೆಂಡತಿ ಸುಮಿತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ಹಾರೋದು ಆಮೇಲಿರ್ಲಿ, ಇದು ನಿಲ್ಲೋದು ಯಾವಾಗ? ಇನ್ನೊಂದೇ ಸಲ ನೋಡ್ತೀನಿ ಕಣ್ರೀ. ನಿಲ್ಲಲಿಲ್ಲ ಅಂದ್ರೆ ಇಂಜಿನ್ ಬಿಚ್ಚಿ ಪಲ್ಪರ್‌ಗೆ ಹಾಕ್ಸೋದೇ."

ಸುಮಿತ್ರ ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ನನ್ನ ಆರು ವರ್ಷ ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತ ಕೂರುವುದನ್ನು ನೆನೆದು ಅಳುವೇ ಬಂತು.

ಜೀಪು ರಿಪೇರಿಯ ಹಮೀದಣ್ಣನನ್ನು ಕರೆಸಿದೆ. ಅವರು ರೆಕ್ಕೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಪೆಡಲ್ ಒತ್ತಲು ಹೇಳಿದರು. ಒತ್ತಿದೆ. ಪೈಪು ಕಪ್ಪೆ ನುಂಗಿದ ಕೇರೆಹಾವಿನ ಹಾಗೆ ಉಬ್ಬಿತು.

"ನೋಡಿ ಗೌಡ್ರೇ, ನಿಮ್ಮ ಕಾಲಿನ ಬಲ ಎಲ್ಲ ಪೈಪ್ ಉಬ್ಸೋದಕ್ಕೇ ಹೋದ್ರೆ ಚಕ್ರಕ್ಕೆ ಏನು ಉಳೀತದೆ? ಸಾಲದ್ದಕ್ಕೆ ಬ್ರೇಕ್ ಆಯಿಲ್ ಈ ರಬ್ಬರನ್ನ ತಿಂದು ಹಾಕ್ತದೆ ಮಾರಾಯ್ರೆ."

ಅಲ್ಲಿಂದ ನಾನು ಪೈಪು ಪಂಡಿತನಾದೆ. ಒಳಗೆ ಆಯಿಲ್‌ಗೆ ಜಗ್ಗದ ಟೆಫ್ಲಾನ್ ಕೊಳವೆ, ಹೊರಗೆ ಜಡೆಯಂತೆ ಹೆಣೆದ ಸ್ಟೀಲ್ ತಂತಿ ಇರುವ ಪೈಪು ಬೇಕೆಂದು ಊರೂರಿಗೆ ಕಾಗದ ಬರೆದೆ. ಉದ್ದವೂ ಸೂಕ್ಷ್ಮದ್ದೇ. ಬಿಗಿಯಾದರೆ ಚಕ್ರದ ಕಾಲು ಬಾಗಿದಾಗ ಕಿತ್ತುಬರುತ್ತದೆ, ಸಡಿಲವಾದರೆ ಟೈರಿಗೆ ಉಜ್ಜುತ್ತದೆ. ಗೋಣಿದಾರ ಹಿಡಿದು ಹತ್ತು ಸಲ ಅಳೆದೆ. ಪಾರ್ಸಲ್ ಬಂದ ಮೇಲೆ ಹಮೀದಣ್ಣ ಪೈಪು ಜೋಡಿಸಿ, ಪೆಡಲಿಗೆ ಮರದ ತುಂಡು ಒತ್ತುಕೊಟ್ಟು ಬೆಳಗಿನಿಂದ ಸಂಜೆತನಕ ಬಿಟ್ಟರು. ಒಂದು ಹನಿ ಸೋರಲಿಲ್ಲ, ಒಂದು ಕೂದಲೆಳೆ ಉಬ್ಬಲಿಲ್ಲ.

ಹೊಸ ಗಾಡಿಯನ್ನು ಹೊರನಾಡಿನ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುವುದು ನಮ್ಮ ಪದ್ಧತಿ. ವಿಮಾನವನ್ನು ಒಯ್ಯುವುದು ಹೇಗೆ? ಸುಮಿತ್ರ ಮನೆಯಲ್ಲೇ ಕುಂಕುಮ ಹಚ್ಚಿದಳು. ಆದರೆ ನಿಂಬೆಹಣ್ಣನ್ನು ಚಕ್ರದಡಿ ಇಡಲಿಲ್ಲ. ಖಾಲಿಯಾಗಿದ್ದ ಕಣದ ಆ ತುದಿಗೆ ನಡೆದುಹೋಗಿ ಇಟ್ಟು ಬಂದಳು. "ಅದನ್ನ ಮುಟ್ಟದೆ ನಿಲ್ಸಿ" ಎಂದವಳು, ನಾನು ಬೇಡ ಬೇಡ ಎನ್ನುತ್ತಿದ್ದಂತೆ ಹಿಂದಿನ ಸೀಟು ಹತ್ತಿ ಕೂತಳು.

ಓಡಿದೆವು. ಒತ್ತಿದೆ. ಪೆಡಲ್ ಕಲ್ಲಿನಂತೆ ಗಟ್ಟಿ. ನಿಂಬೆಹಣ್ಣಿಗೂ ಚಕ್ರಕ್ಕೂ ಎರಡು ಗೇಣು ಇರುವಾಗ ವಿಮಾನ ನಿಂತಿತು.

ಹಾರಿತೇ ಎಂದು ನೀವು ಕೇಳುತ್ತೀರಿ, ಗೊತ್ತು. ಹಾರಲು ಬೇಕಾದ ಸರ್ಕಾರಿ ಕಾಗದ ಇನ್ನೂ ಬಂದಿಲ್ಲ. ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟ ಗಾಡಿಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ, ಉಳಿಸಿದ ಗಾಡಿ ನನ್ನದೊಂದೇ. ಅವತ್ತೇ ಆ ಹಣ್ಣಿನಲ್ಲಿ ಸುಮಿತ್ರ ಶರಬತ್ತು ಮಾಡಿ ಮೊದಲ ಲೋಟ ಹಮೀದಣ್ಣನಿಗೆ ಕೊಟ್ಟಳು. ಪಲ್ಪರ್ ಮಾತನ್ನು ಮತ್ತೆ ಎತ್ತಲಿಲ್ಲ. ನನ್ನ ಲೋಟ ಕೈಗಿಡುತ್ತ ಇಷ್ಟೇ ಅಂದಳು: "ಇನ್ನೊಂದ್ಸಲ ಓಡ್ಸೋಣ. ಈ ಸಲ ಮುಂದಿನ ಸೀಟು ನಂಗೆ."