ಬಿರುಗಾಳಿಯ ದ್ವೀಪದಿಂದ ನನ್ನವರ ದನಿ ಬಂತು

ತಾಯಿ ಹುಲಿಗೆಮ್ಮನನ್ನು ನಂಬಿದ ಎಲ್ಲರಿಗೂ ಗಿಣಿಗೇರಾದ ಶಾಂತವ್ವನ ಶರಣು. ಹೋದ ಕಾರ್ತಿಕದಲ್ಲಿ ಒಂಬತ್ತು ದಿನ, ನನ್ನ ಗಂಡ ಬದುಕಿದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯವರು ದೇವಪ್ಪ, ಇಲ್ಲಿನ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಮರಳಿಯ ಹನುಮಂತಪ್ಪನೂ ಅವರೂ ಕರಾರಿನ ಮೇಲೆ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪಕ್ಕೆ ಹೋಗಿದ್ದರು. ಅಲ್ಲಿನ ಬಂದರಿನಲ್ಲಿ ಎಣ್ಣೆ ಟ್ಯಾಂಕು ಕಟ್ಟುವ ಕೆಲಸ. ಈ ತುದಿಯಿಂದ ಆ ತುದಿಗೆ ನಡೆದೇ ಹೋಗಬಹುದು, ಎತ್ತ ನೋಡಿದರೂ ನೀರೇ ಎನ್ನುತ್ತಿದ್ದರು.

ಒಂದು ಗುರುವಾರ ಮಧ್ಯಾಹ್ನ ಫೋನ್ ಬಂತು. "ಭಾರೀ ಗಾಳಿ ಬರತೈತಂತ. ನಮ್ಮನ್ನೆಲ್ಲಾ ಇಲ್ಲಿನ ಸಾಲಿ ಕಟ್ಟಡದಾಗ ಇಟ್ಟಾರ. ಹನುಮಂತ ಮಗ್ಗಲದಾಗ ಅದಾನ. ನೀ ಹೆದರಬ್ಯಾಡ," ಎಂದರು. ಹಿಂದೆ ತಗಡು ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು. ಇನ್ನೊಂದು ಮಾತು ಆಡುವುದರೊಳಗೆ ಲೈನು ಹೋಯಿತು.

ಮರುದಿನ ಟಿವಿಯಲ್ಲಿ ಆ ದ್ವೀಪ ತೋರಿಸಿದರು. ತೆಂಗಿನ ಮರಗಳಿಗೆ ತಲೆಯೇ ಇರಲಿಲ್ಲ. ಮನೆಗಳಿದ್ದ ಕಡೆ ಬರೀ ಕಟ್ಟಿಗೆ, ತಗಡು. ಸಮುದ್ರ ರಸ್ತೆಯ ಮೇಲೆ ಹರಿಯುತ್ತಿತ್ತು. ಆ ಚಿತ್ರದೊಳಗೆ ನನ್ನವರನ್ನು ಹುಡುಕುತ್ತಾ ನಾನು ಟಿವಿಯ ಹತ್ತಿರ ಹತ್ತಿರ ಸರಿದೆ. ಅವರನ್ನು ಕೆಲಸಕ್ಕೆ ಕಳಿಸಿದ ಏಜೆಂಟನಿಗೆ ದಿನಕ್ಕೆ ಹತ್ತು ಸಲ ಫೋನ್ ಮಾಡಿದೆ. "ಟವರ್ ಬಿದ್ದಾವ್ರಿ ಅಕ್ಕಾರ. ಹೆಸರಿನ ಪಟ್ಟಿ ಇನ್ನೂ ಬಂದಿಲ್ರಿ," ಎನ್ನುತ್ತಿದ್ದ. ಐದನೇ ದಿನದಿಂದ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಸುದ್ದಿ ತಂದರೇನೋ ಎಂದು ಎದ್ದು ಓಡುತ್ತಿದ್ದೆ.

ಒಂಬತ್ತನೇ ದಿನ ಶುಕ್ರವಾರ. ಹನುಮಂತಪ್ಪನ ಹೆಂಡತಿ ಲಕ್ಷ್ಮವ್ವ ಮರಳಿಯಿಂದ ಬೆಳಗಿನ ಬಸ್ಸಿಗೇ ಬಂದಳು. "ಯಕ್ಕಾ, ಮನ್ಯಾಗ ಕುಂತು ಏನ್ ಮಾಡೂದೈತಿ, ತಾಯಿ ಕಡೆ ಹೋಗೂಣು ನಡಿ," ಎಂದಳು. ಇಬ್ಬರೂ ತಾಯಿಯ ಗುಡಿಯಿರುವ ಹುಲಿಗಿಗೆ ಹೋಗಿ ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಸಾಲಿನಲ್ಲಿ ನಿಂತೆವು. ತಾಯಿಯ ಮುಂದೆ ಲಕ್ಷ್ಮವ್ವ ಸೆರಗೊಡ್ಡಿ, "ಇಬ್ಬರನ್ನೂ ಕಾಯವ್ವಾ," ಎಂದು ಬಾಯಿ ಬಿಟ್ಟು ಬೇಡಿದಳು. ನಾನು ಮನಸ್ಸಿನಲ್ಲಿ ನನ್ನವರೊಬ್ಬರನ್ನೇ ಬೇಡಿದೆ. ಇದನ್ನು ಮುಚ್ಚಿಟ್ಟರೆ ನಾನು ಬರೆಯುವುದು ಸುಳ್ಳಾಗುತ್ತದೆ.

ಹಿಂದಿರುಗುವ ಬಸ್ಸಿನಲ್ಲಿ ಫೋನ್ ಬಂತು. ಉದ್ದನೆಯ, ಗುರುತಿಲ್ಲದ ನಂಬರು. ಒಬ್ಬ ಹೆಂಗಸು ನನಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿದಳು. ಅಲ್ಲಿನ ಆಸ್ಪತ್ರೆಯ ನರ್ಸ್ ಎಂದು ಆಮೇಲೆ ತಿಳಿಯಿತು. ಅನಂತರ ಬಂದದ್ದು ನನ್ನವರ ದನಿ.

"ಶಾಂತಾ, ಅದೀನಿ. ಕಾಲು ಮುರದೈತಿ. ಜೀವ ಐತಿ."

ನಾನು ಜೋರಾಗಿ ಅತ್ತೆ. ಬಸ್ಸಿನವರೆಲ್ಲಾ ತಿರುಗಿ ನೋಡಿದರು. ಲಕ್ಷ್ಮವ್ವ ನನ್ನ ರಟ್ಟೆ ಹಿಡಿದು ನಗುತ್ತಿದ್ದಳು. "ಹನುಮಂತಣ್ಣ ಹೆಂಗದಾನ್ರಿ?" ಎಂದು ಕೇಳಿದೆ. ಅದಕ್ಕೆ ಅವರು, "ಲಕ್ಷ್ಮವ್ವ ಎಲ್ಲಿ ಅದಾಳ?" ಎಂದರು.

"ನನ್ನ ಮಗ್ಗಲದಾಗ ಕುಂತಾಳ್ರಿ."

ಅವರು ಅಳುವುದು ಕೇಳಿಸಿತು. ಲಕ್ಷ್ಮವ್ವ ನನ್ನ ಮುಖ ನೋಡಿದಳು. ನಗು ಹಾಗೇ ಇಳಿದುಹೋಯಿತು. ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಅಣ್ಣಾ, ನಾನು. ಹೇಳ್ರಿ," ಎಂದಳು. ಕೇಳಿಸಿಕೊಂಡು ಫೋನ್ ನನ್ನ ಮಡಿಲಲ್ಲಿಟ್ಟು, ಕಿಟಕಿಯ ಸರಳಿಗೆ ಹಣೆ ಒತ್ತಿದಳು.

ನನ್ನವರು ಊರಿಗೆ ಬರಲು ಇನ್ನೊಂದು ತಿಂಗಳಾಯಿತು. ಹನುಮಂತಪ್ಪನ ದೇಹ ಅದಕ್ಕೂ ಮೊದಲೇ ಬಂದು ಮರಳಿಯ ಮಣ್ಣು ಸೇರಿತ್ತು. ಕೊಪ್ಪಳದ ಆಸ್ಪತ್ರೆಯಲ್ಲಿ ಕಾಲಿನ ಕಟ್ಟು ಬದಲಿಸಿಕೊಂಡ ದಿನವೇ ಅವರು, "ಮೊದಲ ಮರಳಿಗೆ ಹೋಗೂಣು," ಎಂದರು. ಲಕ್ಷ್ಮವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು. ಶಾಲೆಯ ಚಾವಣಿ ಹಾರಿ, ಗೋಡೆ ಇಬ್ಬರ ಮೇಲೂ ಬಿತ್ತಂತೆ. ಹನುಮಂತಪ್ಪನ ಎದೆಯ ಮೇಲೆ ತೊಲೆ ಇತ್ತು, ಎತ್ತಲು ಇವರಿಗೆ ಆಗಲಿಲ್ಲ. ಅವನ ಕೈ ಮಾತ್ರ ಎಟುಕುತ್ತಿತ್ತು. ಅದನ್ನೇ ಹಿಡಿದುಕೊಂಡಿದ್ದರಂತೆ, ಅದು ತಣ್ಣಗಾಗುವವರೆಗೂ.

"ನನಗ ಬಿಡಿಸಾಕ ಆಗಲಿಲ್ಲವ್ವ," ಎಂದು ಅವರು ತಲೆ ತಗ್ಗಿಸಿದರು.

ಲಕ್ಷ್ಮವ್ವ ಕಣ್ಣೊರೆಸಿಕೊಂಡಳು. "ಹೋಗೂ ಮುಂದ ಅವ ಒಬ್ಬನ ಇದ್ದಿದ್ದಿಲ್ಲಲ್ಲಣ್ಣಾ. ಅಷ್ಟರ ನಡಿಸಿಕೊಟ್ಟಾಳ ತಾಯಿ."

ಆಗ ನಾನು ಅವಳ ಕಾಲು ಹಿಡಿದು ಹುಲಿಗಿಯಲ್ಲಿ ನಾನು ಬೇಡಿದ್ದನ್ನು ಹೇಳಿದೆ. ಅವಳು ನನ್ನನ್ನು ಎಬ್ಬಿಸಿದಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಟ್ಟೆಯ ಮೇಲೆ ನನ್ನ ಜೊತೆಗೆ ಕುಳಿತಳು.

ತಾಯಿ ನನ್ನವರನ್ನು ಯಾಕೆ ಉಳಿಸಿದಳು, ಲಕ್ಷ್ಮವ್ವನ ಗಂಡನನ್ನು ಯಾಕೆ ಕರೆದುಕೊಂಡಳು, ನನಗೆ ತಿಳಿಯದು. ಆದರೆ ಆ ಕಲ್ಲು ಮಣ್ಣಿನ ಅಡಿಯಲ್ಲಿ ತಾಯಿ ಇಬ್ಬರ ಹತ್ತಿರವೂ ಇದ್ದಳು ಎಂದು ಈಗ ನಂಬಿದ್ದೇನೆ. ಮೊದಲು ನಾನು ಇಷ್ಟು ನಂಬಿದವಳಲ್ಲ. ಇದನ್ನು ಬರೆಯಲೋ ಬೇಡವೋ ಎಂದು ಲಕ್ಷ್ಮವ್ವನನ್ನೇ ಕೇಳಿದೆ. "ಬರಿ ಯಕ್ಕಾ. ನಿನಗ ಕೊಟ್ಟಿದ್ದನ್ನ ಕೊಟ್ಟಾಳಂತನ ಬರಿ. ನನ್ನವನ ಹೆಸರು ಮಾತ್ರ ಬಿಡಬ್ಯಾಡ," ಎಂದಳು.

ಬಿಟ್ಟಿಲ್ಲ. ಗಿಣಿಗೇರಾದ ದೇವಪ್ಪ, ಮರಳಿಯ ಹನುಮಂತಪ್ಪ. ಇಬ್ಬರನ್ನೂ ತಾಯಿಯ ಪಾದಕ್ಕೆ ಒಪ್ಪಿಸಿದ್ದೇನೆ.