ಮನೆಯಲ್ಲಿದ್ದ ಕನ್ನಡ

ಮಹಾರಾಷ್ಟ್ರದ ಗಡಿಯ ದಾಳಿಂಬ ಊರಿನ ಮರಾಠಿ ಶಾಲೆಯಲ್ಲಿ ಶನಿವಾರ ಮಕ್ಕಳಿಗೆ ಮನೆಮಾತಿನ ಹಾಡು, ಕತೆ ಹೇಳಿಕೊಡುತ್ತೇವೆಂದು ಊರವರು 'ಬಾಯಿ' ಎಂದು ಕರೆಯುವ ಅನುರಾಧಾ ಟೀಚರು ಪಾಲಕರ ಸಭೆಯಲ್ಲಿ ಹೇಳಿದಾಗ, ಬೇಡವೆಂದು ಮೊದಲು ಎದ್ದವನು ಕುರಿ ಸಾಕುವ ಅಮೋಘಸಿದ್ಧ.

"ಕನ್ನಡ ಮನ್ಯಾಗ ಐತಿ ಬಿಡ್ರೀ ಬಾಯಿ, ಸಾಳ್ಯಾಗ ಇಂಗ್ಲಿಷ್ ಕಲಸ್ರಿ."

ಟೀಚರು ನಕ್ಕು, ಆದರೂ ಶುರುಮಾಡಿದರು. ಒಂದು ಶನಿವಾರ ಅಮೋಘಸಿದ್ಧ ಮಗಳು ಮನಿಷಾಳನ್ನು ಕರೆಯಲು ಹೋದಾಗ ಅವಳು ಕುರುಬರ ದೇವರು ಬೀರಪ್ಪನ ಹಾಡು ಹಾಡುತ್ತಿದ್ದಳು. ಎರಡನೆಯ ಸಾಲಿಗೇ ತಡವರಿಸಿ ನಿಂತಳು.

ಅಮೋಘಸಿದ್ಧ ಬಾಗಿಲಿನಿಂದಲೇ ಗದರಿದ: "ಇಷ್ಟೂ ಬರಂಗಿಲ್ಲೇನ?"

"ಮನ್ಯಾಗ ನೀ ಯಾವಾಗ ಕಲಿಸಿದ್ಯೋ ಅಪ್ಪಾ?"

ಇಡೀ ವರ್ಗ ನಕ್ಕಿತು. ಅವನಿಗೂ ನಗು ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಅವನು ಅದೇ ಹಾಡಿಗೆ ದನಿ ಎತ್ತಿದ. ಮಕ್ಕಳು ನೆಲ ಬಡಿದು ತಾಳ ಹಾಕಿದರು. ಶಾಲೆ ಬಿಟ್ಟರೂ ಯಾರೂ ಏಳಲಿಲ್ಲ.

ಹೊರಡುವಾಗ ಅವನೇ ಸಂಕೋಚದಿಂದ ಕೇಳಿದ: "ಬರೋ ಶನಿವಾರ ಡೊಳ್ಳು ತರ್ಲೇನ್ರೀ ಬಾಯಿ?"